160 ಚದರ ಅಡಿಯ ಊರು

ವರ್ಲಿ ನಾಕಾದಲ್ಲಿ ಬಸ್ಸಿಳಿದು ಜಾಂಬೋರಿ ಮೈದಾನದ ಕಡೆ ನಡೆದರೆ ಮೊದಲು ಕಾಣುವುದು ಮುಗಿಲು ಮುಟ್ಟಿದ ಗಾಜಿನ ಗೋಪುರಗಳು. ಅವುಗಳ ನೆರಳಿನಲ್ಲಿ ಒಂದೇ ಅಚ್ಚಿನಿಂದ ತೆಗೆದಂತಿರುವ ಹಳೆಯ ಕಟ್ಟಡಗಳ ಸಾಲಿದೆ. ನೆಲಮಹಡಿಯ ಮೇಲೆ ಮೂರು ಅಂತಸ್ತು, ಗೋಡೆಯುದ್ದಕ್ಕೂ ಇಳಿಬಿದ್ದ ಪೈಪುಗಳು, ಕಿಟಕಿ ಕಿಟಕಿಗೂ ಒಣಹಾಕಿದ ಬಟ್ಟೆ. ಇವು ಮುಂಬಯಿಯ ಬಿಡಿಡಿ ಚಾಳುಗಳು. ಒಂದೊಂದಾಗಿ ನೆಲಸಮವಾಗುತ್ತಿರುವ ಇವುಗಳಲ್ಲಿ ಇನ್ನೂ ಉಳಿದಿರುವ ಒಂದನ್ನು ನೋಡಲು ಬಂದಿದ್ದೆ.

ಬಿಡಿಡಿ ಎಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಗವರ್ನರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ, 1920ರಲ್ಲಿ ಹುಟ್ಟಿದ ಇಲಾಖೆ. ಬಟ್ಟೆ ಗಿರಣಿಗಳ ಕಾರ್ಮಿಕರಿಗೆ 50,000 ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಕಟ್ಟುವ ಯೋಜನೆಯಿತ್ತು. ಎದ್ದು ನಿಂತದ್ದು 207 ಚಾಳು, ಸುಮಾರು 16,000 ಖೋಲಿ. ವರ್ಲಿಯಲ್ಲೇ 121 ಚಾಳು. ಉಳಿದವು ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ ಮತ್ತು ಶಿವಡಿಯಲ್ಲಿ. ಮೊದಮೊದಲು ವರ್ಲಿಗೆ ಬಾಡಿಗೆದಾರರೇ ಬರಲಿಲ್ಲ. ಬಾಡಿಗೆ ಹೆಚ್ಚು, ಗಿರಣಿ ದೂರ. 1930ರ ಸತ್ಯಾಗ್ರಹದಲ್ಲಿ ಖಾಲಿ ಚಾಳುಗಳನ್ನೇ ತಾತ್ಕಾಲಿಕ ಸೆರೆಮನೆ ಮಾಡಿ ಸತ್ಯಾಗ್ರಹಿಗಳನ್ನು ಕೂಡಿಹಾಕಿದರು. ಆ ಸೆರೆಮನೆ ಮುಂದೆ ತಲೆಮಾರುಗಳ ಮನೆಯಾಯಿತು.

ಮೆಟ್ಟಿಲು ಹತ್ತಿದೆ. ಮಹಡಿಯ ನಡುವೆ ಉದ್ದನೆಯ ಓಣಿ, ಎರಡೂ ಬದಿಗೆ ಹತ್ತು ಹತ್ತು ಖೋಲಿ. ಹಗಲಾದರೂ ಓಣಿಯಲ್ಲಿ ದೀಪ ಬೇಕು. ಆದರೆ ಬಾಗಿಲುಗಳೆಲ್ಲ ತೆರೆದೇ ಇವೆ, ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಕೆಮ್ಮುತ್ತಾರೆ. ಶೌಚಾಲಯ ಇಡೀ ಮಹಡಿಗೆ ಸೇರಿದ್ದು, ಬೆಳಿಗ್ಗೆ ಬಕೆಟ್ ಹಿಡಿದು ಸಾಲು ನಿಲ್ಲುವುದು ತಪ್ಪಿದ್ದಲ್ಲ.

ಮೂಲೆಯ ಖೋಲಿಯಿಂದ ಅಜ್ಜಿಯೊಬ್ಬರು "ಯೇ ಬಾಳಾ, ಬಸ್" ಎಂದು ಕರೆದು ಕೂರಿಸಿದರು. 160 ಚದರ ಅಡಿ. ಒಂದು ಬದಿಗೆ ಒಲೆಕಟ್ಟೆ, ಮೇಲೆ ಅಟ್ಟ, ಮೂಲೆಯಲ್ಲಿ ಮೋರಿ. ಇಲ್ಲಿಯವರ ಮಾತಿನಲ್ಲಿ ಮೋರಿ ಎಂದರೆ ನಮ್ಮ ಚರಂಡಿಯಲ್ಲ. ಪಾತ್ರೆ ತೊಳೆಯುವ, ಪರದೆ ಎಳೆದು ಸ್ನಾನ ಮಾಡುವ ಜಾಗ. ಅಜ್ಜಿಯ ಯಜಮಾನರು ಗಿರಣಿಯಲ್ಲಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಎಷ್ಟೋ ಜನಕ್ಕೆ ಮತ್ತೆ ಕೆಲಸ ಸಿಗಲೇ ಇಲ್ಲ. ಆಗ ಮನೆ ನಡೆದದ್ದು ಈ ಒಲೆಯಿಂದ. ಒಂಟಿ ಗಂಡಸರಿಗೆ ಅಡುಗೆ ಮಾಡಿ ಹಾಕುವ ಖಾನಾವಳಿ. ಹುಬ್ಬಳ್ಳಿ ಧಾರವಾಡದವರಿಗೆ ಪರಿಚಿತವಾದ ಈ ಮಾತು ಮುಂಬಯಿಯ ಗಿರಣಿ ಪ್ರದೇಶವಾದ ಗಿರಣಗಾಂವ್‌ನಲ್ಲಿ ಸಾವಿರಾರು ಹೆಂಗಸರ ಬದುಕಾಗಿತ್ತು. ಅವರಿಗೆ ಬ್ಯಾಂಕ್ ಸಾಲ ಕೊಡಿಸಲೆಂದೇ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು.

"ಬಾಡಿಗೆ ಕಡಿಮೆ ಇತ್ತು, ಅದಕ್ಕೇ ಉಳಕೊಂಡೆವು" ಎಂದರು ಅಜ್ಜಿ. ಕೆಲಸ ಹೋದರೂ ಅವರಿಗೆ ಊರು ಬಿಡಬೇಕಾಗಲಿಲ್ಲ. ನಗರದ ನಡುವೆ ಅಗ್ಗದ ಮನೆಯೊಂದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಈ ಖೋಲಿಯಲ್ಲಿ ಕೂತು ಕಲಿತೆ.

ಸುತ್ತಲಿನ ಗಿರಣಿಗಳ ಜಮೀನು ಮಾತ್ರ ಜನರಿಗೆ ಉಳಿಯಲಿಲ್ಲ. ಆ ಜಮೀನಿನಲ್ಲಿ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಗಿರಣಿಯ ಆವರಣದಲ್ಲಿ ಖಾಲಿ ಇದ್ದ ನೆಲಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬರುವಾಗ ಕಂಡ ಗೋಪುರಗಳಂಥವು ಪಕ್ಕದ ಲೋವರ್ ಪರೇಲ್ ತುಂಬ ಎದ್ದದ್ದು ಗಿರಣಿಗಳ ಆ ನೆಲದ ಮೇಲೆ.

ಬಿಡಿಡಿ ಚಾಳುಗಳ ನೆಲ ಸರ್ಕಾರದ್ದು. ಹಾಗಾಗಿ ಇಲ್ಲಿನ ಕಥೆ ಬೇರೆಯಾಯಿತು. ವಸತಿ ಪ್ರಾಧಿಕಾರ ಮ್ಹಾಡಾ ಚಾಳು ಕೆಡವಿ ಇದೇ ಜಾಗದಲ್ಲಿ ಬಹುಮಹಡಿ ಕಟ್ಟಿ, ಪ್ರತಿ ಕುಟುಂಬಕ್ಕೂ 500 ಚದರ ಅಡಿಯ ಸ್ವಂತ ಮನೆಯನ್ನು ಉಚಿತವಾಗಿ ಕೊಡುತ್ತಿದೆ. ಉಳಿದ ನೆಲದಲ್ಲಿ ಕಟ್ಟಿ ಮಾರುವ ಮನೆಗಳಿಂದ ಖರ್ಚು ಹುಟ್ಟುತ್ತದೆ. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ ಕೀಲಿಕೈ ಸಿಕ್ಕಿತು. ದೂರದ ಕಲ್ಯಾಣಕ್ಕೋ ವಿರಾರ್‌ಗೋ ಗಂಟುಮೂಟೆ ಕಟ್ಟದೆ, ಮಕ್ಕಳ ಶಾಲೆ, ಕೆಲಸ, ಆಸ್ಪತ್ರೆ ಯಾವುದನ್ನೂ ಬಿಡದೆ ದೊಡ್ಡ ಮನೆಗೆ ಹೋಗುವುದು ಸಣ್ಣ ಮಾತಲ್ಲ. ಮನೆಯೊಳಗೇ ಶೌಚಾಲಯ ಎನ್ನುವಾಗ ಅಜ್ಜಿಯ ಮುಖ ಅರಳಿದ್ದನ್ನು ಕಂಡ ಮೇಲೆ, ಹಳೆಯ ಗೋಡೆಗಳಿಗಾಗಿ ಮರುಗುವ ಹಕ್ಕು ನನಗಿಲ್ಲ ಅನ್ನಿಸಿತು. ಅವರ ಚಿಂತೆ ಒಂದೇ: ಲಿಫ್ಟು, ಪಂಪು, ಕಾವಲಿನ ತಿಂಗಳ ಖರ್ಚು ಮುಂದೆ ಕೈಮೀರಿ ಹೋದರೆ ಮನೆ ಮಾರಬೇಕಾದೀತು.

ನನ್ನ ಚಿಂತೆ ಓಣಿಯದು. ಎದ್ದು ಹೊರಟಾಗ ಅಜ್ಜಿ ಅದರ ನೆಲ ತೋರಿಸಿದರು. "ಊರಿನಿಂದ ಬಂದ ಹುಡುಗರು ಇಲ್ಲೇ ಮಲಗುತ್ತಿದ್ದರು. ಕೆಲಸ ಗಟ್ಟಿಯಾಗುವವರೆಗೆ." ಕರಾವಳಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರನ್ನೂ ಮುಂಬಯಿ ಉಳಿಸಿಕೊಂಡದ್ದು ಇಂಥ ಜಾಗ ಕೊಟ್ಟೇ. ಹೊಸ ಮನೆಗಳು ಈಗಿರುವವರಿಗೆ ಸ್ವಂತವಾದವು, ಒಳ್ಳೆಯದೇ ಆಯಿತು. ಆದರೆ ಕಡಿಮೆ ಬಾಡಿಗೆಯ 16,000 ಖೋಲಿಗಳು ನಗರದ ನಡುವಿನಿಂದ ಅಳಿಸಿಹೋಗುತ್ತಿವೆ. ಮಾರಾಟಕ್ಕಿಡುವ ಗೋಪುರಗಳಲ್ಲಿ ಒಂದನ್ನಾದರೂ ಸರ್ಕಾರ ತನ್ನಲ್ಲೇ ಇಟ್ಟುಕೊಂಡು, ಕೂಲಿಯವರಿಗೆ ಎಟುಕುವ ಬಾಡಿಗೆಗೆ ಕೊಡಬೇಕು. 1920ರಲ್ಲಿ ಪರಕೀಯ ಸರ್ಕಾರವೊಂದು ಕೈಹಾಕಿದ ಕೆಲಸ ಅದು. ನಮ್ಮದೇ ಸರ್ಕಾರಕ್ಕೆ ಭಾರವಾಗಬಾರದು.

ಕೆಳಗಿಳಿದಾಗ ಸಂಜೆಯಾಗಿತ್ತು. ಮೇಲಿನ ಓಣಿಯಲ್ಲಿ ಯಾರೋ ಚಾಪೆ ಕೊಡವುವ ಸದ್ದು ಕೇಳಿಸುತ್ತಿತ್ತು.