ನಿಮಗಿದು ಗೊತ್ತೆ? ಕಾರ್ಟ್ರಿಜ್ ಊದಿದರೆ ಗೇಮ್ ಸರಿಹೋಗದು!

1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನಿಂಟೆಂಡೊ ಎನ್‌ಇಎಸ್ ಕನ್ಸೋಲ್ ಹಳತಾದಂತೆ ಮೊಂಡಾಟ ಶುರುಮಾಡುತ್ತಿತ್ತು. ಪವರ್ ಒತ್ತಿದರೆ ಕೆಂಪು ದೀಪ ಮಿಣುಕುತ್ತದೆ, ಪರದೆಯೂ ಅದರ ಜತೆ ಬಂದು ಹೋಗುತ್ತದೆ, ಗೇಮ್ ಮಾತ್ರ ಶುರುವಾಗದು. ಮಕ್ಕಳು ಕಾರ್ಟ್ರಿಜ್ ಕಿತ್ತು, ಬಾಯಿಂದ ಉಫ್ ಎಂದು ಊದಿ ಮತ್ತೆ ತುರುಕುತ್ತಿದ್ದರು. ಎಷ್ಟೋ ಸಲ ಗೇಮ್ ಓಡಿಯೂಬಿಡುತ್ತಿತ್ತು!

ಅಸಲಿ ರೋಗ ಇದ್ದದ್ದು ಯಂತ್ರದೊಳಗೆ. ವಿಸಿಆರ್‌ಗೆ ಕ್ಯಾಸೆಟ್ ಹಾಕುವಂತೆ ಕಾರ್ಟ್ರಿಜ್ಜನ್ನು ಮುಂದಿನಿಂದ ತಳ್ಳಿ ಕೆಳಕ್ಕೆ ಒತ್ತುವ ವಿನ್ಯಾಸ ಅದು. ನೋಡಲು ಸೊಗಸು, ಬಾಳಿಕೆ ಅಷ್ಟಕ್ಕಷ್ಟೆ. ಒತ್ತಿ ಒತ್ತಿ 72 ಪಿನ್‌ಗಳ ಕನೆಕ್ಟರ್ ಹಿಡಿತ ಕಳೆದುಕೊಳ್ಳುತ್ತಿತ್ತು. ನಕಲಿ ಗೇಮ್ ತಡೆಯಲು ಇಟ್ಟಿದ್ದ ಕಾವಲು ಚಿಪ್‌ಗೆ ಕಾರ್ಟ್ರಿಜ್‌ನ ಜೋಡಿ ಚಿಪ್‌ನಿಂದ ಸರಿಯಾದ ಸಂಕೇತ ಸಿಗದಿದ್ದರೆ, ಅದು ಸೆಕೆಂಡಿಗೊಮ್ಮೆ ಯಂತ್ರವನ್ನೇ ರೀಸೆಟ್ ಮಾಡುತ್ತಿತ್ತು. ಮಿಣುಕಾಟದ ಗುಟ್ಟು ಇದೇ.

ಕೆಲಸ ಮಾಡುತ್ತಿದ್ದುದು ಕಿತ್ತು ಮತ್ತೆ ಹಾಕುವ ಕ್ರಿಯೆ. ಊದಿದ್ದಕ್ಕೆ ಸುಮ್ಮನೆ ಹೆಸರು ಬಂತು. ಉಸಿರಿನ ತೇವದಿಂದ ಲೋಹದ ಅಂಚು ಕಿಲುಬುವ ಅಪಾಯ ಬೇರೆ. ಊದಬೇಡಿ ಎಂದು ನಿಂಟೆಂಡೊ ಹೇಳಿದರೂ ಕೇಳಿದವರಾರು? 1993ರಲ್ಲಿ ಬಂದ, ಮೇಲಿನಿಂದ ಕಾರ್ಟ್ರಿಜ್ ಹಾಕುವ ಮಾದರಿಯಲ್ಲಿ ಕಂಪನಿ ಕಾವಲು ಚಿಪ್ಪನ್ನೇ ಕೈಬಿಟ್ಟಿತು.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ 'ಟೀವಿ ಗೇಮ್'ಗಳಲ್ಲಿ ಹೆಚ್ಚಿನವು ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್‌ನ ನಕಲುಗಳು. ಊದುವ ಚಟ ಇಲ್ಲೂ ಇತ್ತು. ಅಟ್ಟದಲ್ಲಿ ಅಂಥದ್ದೊಂದು ಸಿಕ್ಕರೆ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಕಾರ್ಟ್ರಿಜ್‌ನ ಅಂಚು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ.