ಕೌದಿ ಅಂಗಡಿ ಹುಡುಕಿ ಹೊರಟ ನಾಲ್ವರು

ಅಮೆರಿಕದ ಗೃಹಿಣಿಯರಿಗೆ ಒಂದು ಸೊಗಸಾದ ಹವ್ಯಾಸವಿದೆ. ನಾಲ್ಕೈದು ಗೆಳತಿಯರು ಒಂದು ಕಾರಿನಲ್ಲಿ ಹೊರಟು, ಸಣ್ಣ ಸಣ್ಣ ಊರುಗಳ ಕ್ವಿಲ್ಟ್ ಅಂಗಡಿಗಳನ್ನು ನೋಡಿಕೊಂಡು ಬರುವುದು! ಕ್ವಿಲ್ಟ್ ಎಂದರೆ ತುಂಡು ಬಟ್ಟೆಗಳನ್ನು ಜೋಡಿಸಿ, ನಡುವೆ ಹತ್ತಿಯ ಪದರ ಇಟ್ಟು ಹೊಲಿದ ಹೊದಿಕೆ. ನಮ್ಮ ಕೌದಿಯ ದೂರದ ಅಕ್ಕ ಎನ್ನಿ. ಆ ಅಂಗಡಿಗಳಲ್ಲಿ ಮುಖ್ಯವಾಗಿ ಸಿಗುವುದು ಹೊಲಿಯಲು ಬೇಕಾದ ಹೊಸ ಬಟ್ಟೆ, ದಾರ, ಸೂಜಿಗಳು. ಮಿಸೂರಿ ರಾಜ್ಯದ ಹ್ಯಾಮಿಲ್ಟನ್ ಎಂಬಲ್ಲಿ ಜನಸಂಖ್ಯೆ ಎರಡು ಸಾವಿರದೊಳಗೆ. 2008ರಲ್ಲಿ ಒಂದು ಕುಟುಂಬ ಅಲ್ಲಿ ಆರಂಭಿಸಿದ ಇಂಥ ವ್ಯಾಪಾರದಿಂದ ಆ ಪುಟ್ಟ ಊರೇ ಹೆಸರುವಾಸಿಯಾಗಿದೆ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ಗೆಳತಿಯೊಬ್ಬಳು ಇದನ್ನೆಲ್ಲ ವರ್ಣಿಸಿದಾಗ, "ನಮ್ಮಲ್ಲೇನು ಕೌದಿ ಇಲ್ಲವೇನೇ? ನಾವೂ ಒಂದು ಸುತ್ತು ಹಾಕೋಣ" ಎಂದಳು ಇನ್ನೊಬ್ಬಳು. ಮನೆಯವರಿಗೆ ಒಂದು ದಿನದ ಅಡಿಗೆ ಮಾಡಿಟ್ಟು, ಬಾಡಿಗೆ ಕಾರು ಗೊತ್ತುಮಾಡಿ, ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಹಳಿಯಾಳಗಳ ಮೇಲಾಸಿ ಧಾರವಾಡಕ್ಕೆ ಬರುವುದೆಂದು ತೀರ್ಮಾನಿಸಿದೆವು. ನಾಲ್ವರಲ್ಲಿ ಒಬ್ಬಳ ಕೈಯಲ್ಲಿ ಒಂದು ಗಂಟಿತ್ತು. ತೀರಿಕೊಂಡ ತಾಯಿಯ ಐದು ಸೀರೆಗಳು. ಉಡಲು ಹರಿದಿವೆ, ಕೊಡಲು ಮನಸ್ಸಿಲ್ಲ. ಎರಡು ವರ್ಷದಿಂದ ಟ್ರಂಕಿನಲ್ಲಿದ್ದವಂತೆ.

ಹುಬ್ಬಳ್ಳಿಯ ಗಾದಿ ಅಂಗಡಿಯಲ್ಲೇ ಮೊದಲ ಪಾಠವಾಯಿತು. ಗಾದಿಯುಂಟು, ತಲೆದಿಂಬುಂಟು, ರಜಾಯಿಯುಂಟು. ಕೌದಿ? ಅಂಗಡಿಯವರು ನಕ್ಕರು. "ಕೌದಿ ಅಂದ್ರ ಮನಿ ಸಾಮಾನು ಅಕ್ಕಾರ, ಅಂಗಡಿದಲ್ಲ. ಹಳೇ ಸೀರಿ ನೀವ ಕೊಡಬೇಕು, ಹೊಲಿಯಾಕಿ ನಿಮ್ಮ ಬಾಗಿಲಿಗೆ ಬರಬೇಕು." ಮಾತು ನಿಜವೇ. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ "ಕೌದಿ ಹೊಲಸ್ತೀರೇನ್ರೀ ಯವ್ವಾ" ಎಂದು ಕೂಗುತ್ತ ಬರುತ್ತಿದ್ದ ಹೆಣ್ಣುಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿ, ರೊಟ್ಟಿ ಪಲ್ಯ ಕೊಟ್ಟು ಹೊಲಿಸುತ್ತಿದ್ದರು. ಈಗ ಪಟ್ಟಣಗಳಲ್ಲಿ ಹೊಸ ಬಟ್ಟೆಯ ಕೌದಿಯನ್ನು ಮಾರಾಟಕ್ಕಿಡುವವರೂ ಇದ್ದಾರೆ. ಚೆಂದವೇನೋ ಹೌದು, ಆದರೆ ಹಳೆ ಸೀರೆಯ ಮೆತ್ತಗೆ ಅದಕ್ಕೆಲ್ಲಿಂದ ಬರಬೇಕು?

ಕಲಘಟಗಿಯಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿಯ ಬಣ್ಣದ ತೊಟ್ಟಿಲುಗಳ ಹೆಸರು ಕೇಳದವರಾರು? ಕಟ್ಟಿಗೆಯ ಮೇಲೆ ಅರಗಿನ ಬಣ್ಣ, ಪುರಾಣದ ಚಿತ್ರಗಳು. ತೊಟ್ಟಿಲು ತವರಿನಿಂದ ಬಂದರೆ ಅದರೊಳಗಿನ ಪುಟ್ಟ ಕೌದಿ ಅಜ್ಜಿಯ ಕೈಯದಾಗಬೇಕು, ಇದು ನಮ್ಮ ಕಡೆಯ ರೂಢಿ.

ಮುಂದೆ ಕಾಡು ಶುರು. ಯಲ್ಲಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಸಿದ್ದಿ ಸಮುದಾಯದ ಮನೆಗೆ, ಪರಿಚಯದವರೊಬ್ಬರ ಮೂಲಕ ಮೊದಲೇ ಹೇಳಿ ಕಳಿಸಿದ್ದೆವು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅವರ ವಂಶದವರು ಇವರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಸೊಗಸಾದ ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಮನೆಯಾಕೆ ಜಗಲಿಯಲ್ಲಿ ಕೌದಿ ಹರಡಿ ಕೂತಿದ್ದರು. ಅವರು ಹೊಲಿಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವಾದರೆ ಮೊದಲು ಅಳತೆ ತೆಗೆದು, ಗೆರೆ ಎಳೆದು, ತುಂಡು ಕತ್ತರಿಸಿಕೊಳ್ಳುತ್ತೇವೆ. ಅವರು ಕೆಳಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಸೂಜಿ ಹಾಕಿದರೆ ಅಂಚಿನಗುಂಟ ಸುತ್ತುತ್ತಾರೆ. ಕೈಗೆ ಬಂದ ತುಂಡು ಇಡುವುದು, ಅದರ ಅಂಚನ್ನು ಹೆಬ್ಬೆರಳಿನಿಂದ ಮಡಿಸುವುದು, ಹೊಲಿಯುತ್ತ ಸಾಗುವುದು. ಸುತ್ತು ಸುತ್ತುತ್ತ ನಡುವಿಗೆ ಬಂದಾಗ ಕೌದಿ ಮುಗಿಯಿತು. ಗುಂಡುಸೂಜಿಯಿಲ್ಲ, ಮಶೀನಿಲ್ಲ. ಗಂಡನ ಲುಂಗಿ, ಮಕ್ಕಳ ಅಂಗಿ, ಅತ್ತೆಯ ಕುಪ್ಪಸ, ಎಲ್ಲಕ್ಕೂ ಅದರಲ್ಲಿ ಜಾಗ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಮೂಡುವುದೂ ಉಂಟು. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಿಸಿದ ಪುಟ್ಟ ಬಟ್ಟೆಗಳು. 'ಫುಲ' ಅಂದರೆ ಹೂವು.

"ಹೂವು ಇಡದಿದ್ರೆ ಏನಾಗ್ತದೆ?" ಎಂದು ಕೇಳಿದೆ.

"ಬೆತ್ತಲೆ ಇದ್ದ ಹಾಗೆ ಅಲ್ವಾ ಅಕ್ಕಾ?"

ಗೆಳತಿ ಗಂಟು ಬಿಚ್ಚಿದಳು. ಆಕೆ ಒಂದೊಂದೇ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇಳಕಲ್ಲಿನ ಎರಡು ಸೀರೆ ಮೇಲಕ್ಕೆ, ತೀರ ಜಾಳಾದ ಎರಡು ಒಳಪದರಕ್ಕೆ. ನೈಲಾನಿನದನ್ನು ಬದಿಗಿಟ್ಟರು; ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ. "ಅಮ್ಮಂದಾ?" ಎಂದರು. ಗೆಳತಿ ತಲೆಯಾಡಿಸಿದಳಷ್ಟೆ. ಸೆರಗಿನ ಭಾಗ ಕತ್ತರಿಸದೆ ಇಡೀ ಹಾಕ್ತೇನೆ ಎಂದು ಅವರೇ ಹೇಳಿದರು.

ಕೂಲಿ ಮೂರು ಸಾವಿರ ರೂಪಾಯಿ ಎಂದಾಗ, ನಮ್ಮಲ್ಲಿ ಚೌಕಾಸಿಗೆ ಹೆಸರಾದವಳು ಸುಮ್ಮನಿರಲಿಲ್ಲ. "ಬಟ್ಟೆ ನಮ್ಮದೇ ಅಲ್ವಾ, ಎರಡಕ್ಕೆ ಮಾಡಿಕೊಡಿ" ಎಂದಳು. ಆಕೆ ವಾದಿಸಲಿಲ್ಲ. "ಮನೆ ಕೆಲಸ, ತೋಟದ ಕೆಲಸ ಮುಗಿಸಿ ಕೂತ್ರೆ ಒಂದು ತಿಂಗಳು ಹಿಡೀತದೆ" ಎಂದು ಮತ್ತೆ ಸೂಜಿ ಹಿಡಿದರು. ಭಾಗಿಸಿ ನೋಡಿ, ದಿನಕ್ಕೆ ನೂರು ರೂಪಾಯಿ! ಸೀರೆಯಂಗಡಿಯ ಗಲ್ಲೆಯ ಮುಂದೆ ಚೌಕಾಸಿ ಮಾಡಿ, ಬೇಡವೆನ್ನುವುದಿಲ್ಲ. ಕೈಹೊಲಿಗೆಯವಳ ಮುಂದೆ ಅದು ಸಲ್ಲದು ಎಂದೇ ನನ್ನ ಅಭಿಪ್ರಾಯ. ಸೀರೆಯ ಒಡತಿಗೂ ಹಾಗೆಯೇ ಅನಿಸಿರಬೇಕು, ಪೂರ್ತಿ ಮೂರು ಸಾವಿರ ಮುಂಗಡವಾಗಿಯೇ ಎಣಿಸಿ ಕೊಟ್ಟಳು. ಚೌಕಾಸಿಯವಳು ಹಳಿಯಾಳ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ, "ನಮ್ಮತ್ತೆಯ ಸೀರೆ ನಾಲ್ಕು ಬಿದ್ದಿವೆ ಕಣೇ" ಎಂದಳು. ಧಾರವಾಡದಲ್ಲಿ ಪೇಡೆ ಕಟ್ಟಿಸಿಕೊಳ್ಳುವಾಗ ಕತ್ತಲಾಗಿತ್ತು.

ನೀವೂ ಹೊಲಿಸುವುದಾದರೆ ಕೆಲವು ಮಾತು. ಹತ್ತಿಯ ಹಳೆ ಬಟ್ಟೆಯೇ ಇರಲಿ, ಚುಚ್ಚುವ ಜರಿ ಅಂಚನ್ನು ಬಿಚ್ಚಿಬಿಡಿ. ಹೊಸ ತುಂಡು ಸೇರಿಸುವುದಿದ್ದರೆ ಮೊದಲು ಒಗೆದು ಒಣಗಿಸಿ; ಇಲ್ಲವಾದರೆ ಅದು ಕುಗ್ಗಿ ಪಕ್ಕದ್ದನ್ನು ಎಳೆಯುತ್ತದೆ, ಬಣ್ಣವೂ ಬಿಟ್ಟೀತು. ದಾರ ಗಟ್ಟಿಯಾಗಿರಲಿ. ಮಹಾನವಮಿಗೆ ಮುಂಚೆ ಹಾಸಿಗೆ ಒಗೆಯುವ ಪದ್ಧತಿ ನಿಮ್ಮಲ್ಲಿದ್ದರೆ, ಕೌದಿಯನ್ನು ಹಿಂದಿನ ರಾತ್ರಿಯೇ ಸಾಬೂನು ನೀರಿನಲ್ಲಿ ನೆನೆಸಿಡಿ. ಹಿಂಡಲು ಇಬ್ಬರು ಬೇಕು, ನೀರು ಕುಡಿದ ಕೌದಿ ಒಬ್ಬರ ಕೈಗೆ ಏಳುವುದಿಲ್ಲ. ಬಿಸಿಲಿಗೆ ಎರಡೂ ಮೈ ತಿರುವಿ ಹಾಕಿ.

ಗೆಳತಿಯ ಕೌದಿ ಐದು ವಾರಕ್ಕೆ ಬಂತು. ಸೆರಗು ಇಡಿಯಾಗಿ ನಡುವೆ ಕೂತಿದೆ. ಜೊತೆಗೆ, ಹೇಳದೆಯೇ, ಉಳಿದ ತುಂಡುಗಳಲ್ಲಿ ತೊಟ್ಟಿಲಿನ ಅಳತೆಯದೊಂದು ಪುಟ್ಟ ಕೌದಿ; ಅದಕ್ಕೂ ನಾಲ್ಕು ಮೂಲೆಗೆ ಹೂವು.