ಸ್ಟ್ರಾಬೆರಿ ಗಿಡ ತರೋ ಮೊದಲು ಕ್ಯಾಲೆಂಡರ್ ನೋಡಿ: ಮನೆಯಂಗಳದಲ್ಲಿ ಬೆಳೆಯೋದು ಹೀಗೆ

ಸಕಲೇಶಪುರ: ಚಳಿ ಮುಗಿಯುವ ಹೊತ್ತಿಗೆ ನರ್ಸರಿಯಲ್ಲಿ ಹಣ್ಣು ಬಿಟ್ಟ ಸ್ಟ್ರಾಬೆರಿ ಕುಂಡ ಕಂಡರೆ ಮಕ್ಕಳು ಬಿಡೋದಿಲ್ಲ. ದುಡ್ಡು ಕೊಟ್ಟು ತಂದರೆ ಇದ್ದ ನಾಲ್ಕು ಹಣ್ಣು ವಾರದಲ್ಲಿ ಖಾಲಿ. ಏಪ್ರಿಲ್ ಬಿಸಿಲಿಗೆ ಗಿಡ ಬಾಡುತ್ತೆ, ಉಳಿದದ್ದು ಜೂನ್ ಮಳೆಗೆ ಕೊಳೆಯುತ್ತೆ. ಕೊನೆಗೆ ‘ನಮ್ಮ ಕಡೆ ಇದೆಲ್ಲ ಆಗಲ್ಲ’ ಅನ್ನೋ ತೀರ್ಮಾನ. ನಿಜಕ್ಕೂ ತಪ್ಪು ಊರಿನದ್ದಲ್ಲ, ಗಿಡ ತಂದ ತಿಂಗಳಿನದ್ದು.

ಸ್ಟ್ರಾಬೆರಿಗೆ ಹೆಸರಾದ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲೂ ಮಳೆ ಕಡಿಮೆಯೇನಲ್ಲ. ಪಶ್ಚಿಮ ಘಟ್ಟದ ಭಾರಿ ಮಳೆ ಬೀಳುವ ಊರುಗಳಲ್ಲಿ ಅದೂ ಒಂದು. ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆಯೂ ಸಿಕ್ಕಿದೆ. ಅಲ್ಲಿನವರು ಮಳೆಗಾಲ ಮುಗಿಯುವಾಗ ಗಿಡ ನೆಟ್ಟು, ಚಳಿಗಾಲದಲ್ಲಿ ಹಣ್ಣು ಕೀಳುತ್ತಾರೆ. ಮಲೆನಾಡಿನ ಮನೆಗಳಿಗೂ ಇದೇ ಲೆಕ್ಕ ಸರಿಹೊಂದುತ್ತೆ.

ಯಾವಾಗ ನೆಡಬೇಕು?

ಜೋರು ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ನವೆಂಬರ್ ಮೊದಲ ವಾರದೊಳಗೆ. ಹಗಲು ಹಿತವಾದ ಬಿಸಿಲು, ರಾತ್ರಿ ತಂಪು ಇದ್ದರೆ ಗಿಡ ಹೂ ಬಿಡುತ್ತೆ. ಸೆಕೆ ಏರಿದರೆ ಹೂ ಕಡಿಮೆಯಾಗಿ, ಬಳ್ಳಿಯಂಥ ಕುಡಿಗಳು ಹೆಚ್ಚುತ್ತವೆ. ಹೂ ಬಿಟ್ಟ ಸುಮಾರು ಒಂದು ತಿಂಗಳಿಗೆ ಹಣ್ಣು ಸಿದ್ಧ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ ನಮ್ಮ ದೇಶದಲ್ಲಿ ಹೆಚ್ಚು ಬೆಳೆಯುವ ತಳಿಗಳು.

ಬೀಜ ಬೇಡ, ಸಸಿ ತನ್ನಿ

ಮೊಬೈಲ್‌ನಲ್ಲಿ ಬಣ್ಣ ಬಣ್ಣದ ಸ್ಟ್ರಾಬೆರಿ ಬೀಜದ ಜಾಹೀರಾತು ಬರುತ್ತಿರುತ್ತವೆ. ನೀಲಿ ಸ್ಟ್ರಾಬೆರಿ ಅನ್ನೋದು ಇಲ್ಲವೇ ಇಲ್ಲ, ಆ ಫೋಟೋ ಬಣ್ಣ ಬದಲಿಸಿದ್ದು. ಅಸಲಿ ಬೀಜವಾದರೂ ಮೊಳೆಯಲು ವಾರಗಟ್ಟಲೆ ಬೇಕು, ತಾಯಿ ಗಿಡದ ಗುಣವೇ ಬರುತ್ತೆ ಅನ್ನೋ ಖಾತ್ರಿಯೂ ಇಲ್ಲ. ದುಡ್ಡು ಹಾಕೋದಾದರೆ ಬೇರು ಬಿಟ್ಟ ಸಸಿಗೇ ಹಾಕಿ.

ಮಣ್ಣು, ಕುಂಡ

ಸ್ಟ್ರಾಬೆರಿ ಬೇರು ಆಳಕ್ಕೆ ಇಳಿಯೋದಿಲ್ಲ. ತಳದಲ್ಲಿ ತೂತು ಇರುವ 8ರಿಂದ 10 ಇಂಚಿನ ಕುಂಡ ಒಂದು ಗಿಡಕ್ಕೆ ಸಾಕು. ನೆಲದಲ್ಲಾದರೆ ಏರು ಮಡಿ ಮಾಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮ ಪಾಲು ಬೆರೆಸಿದರೆ ನೀರು ನಿಲ್ಲೋದಿಲ್ಲ. ಈ ಗಿಡಕ್ಕೆ ಸ್ವಲ್ಪ ಹುಳಿ ಇರುವ ಮಣ್ಣೇ ಇಷ್ಟ. ಹಾಗಾಗಿ ಒಲೆ ಬೂದಿ, ಸುಣ್ಣ ತಂದು ಸುರಿಯಬೇಡಿ.

ಹೆಚ್ಚಿನವರು ಎಡವೋದು ಇಲ್ಲೇ

ಎಲೆಗಳೆಲ್ಲ ಹೊರಡುವ ಬುಡದ ದಪ್ಪ ಭಾಗವೇ ಗಿಡದ ಸುಳಿ. ಅದು ಸರಿಯಾಗಿ ಮಣ್ಣಿನ ಮಟ್ಟದಲ್ಲಿರಬೇಕು. ಹೂತು ಹೋದರೆ ಕೊಳೆಯುತ್ತೆ, ಮೇಲೆದ್ದರೆ ಬೇರು ಒಣಗುತ್ತೆ. ನೆಟ್ಟ ಹೊಸದರಲ್ಲಿ ಬರುವ ಮೊದಲ ಹೂಗಳನ್ನು ಚಿವುಟಿ. ಮನಸ್ಸು ಬಾರದಿದ್ದರೂ ಹಾಗೆ ಮಾಡಿದರೆ ಬೇರು ಗಟ್ಟಿಯಾಗಿ ಮುಂದಿನ ಫಸಲು ಚೆನ್ನಾಗಿ ಬರುತ್ತೆ.

ಬಿಸಿಲು, ನೀರು, ಜೇನು

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅಂಗಳ ಇಲ್ಲದವರಿಗೆ ಅಂಗಡಿ ಮೇಲಿನ ತಾರಸಿಯೂ ಆದೀತು. ನೀರು ಬೆಳಿಗ್ಗೆ, ಎಲೆಗೆ ತಾಗದಂತೆ ಬುಡಕ್ಕೆ ಹಾಕಿ. ಬುಡಕ್ಕೆ ಭತ್ತದ ಹುಲ್ಲು ಹಾಸಿದರೆ ತೇವ ಉಳಿಯುತ್ತೆ, ಹಣ್ಣು ಮಣ್ಣಿಗೆ ತಾಗಿ ಬೂಸಲು ಹಿಡಿಯೋದೂ ತಪ್ಪುತ್ತೆ. ಆದರೆ ಹುಲ್ಲಿನ ಅಡಿ ಬಸವನಹುಳು ಸೇರಬಹುದು, ಸಂಜೆ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ. ಹಣ್ಣು ಕೆಂಪಾಗುತ್ತಿದ್ದಂತೆ ಪಿಕಳಾರ ಹಕ್ಕಿಗಳೂ ಹಾಜರ್, ಬಲೆ ಕಟ್ಟೋದೇ ಉಪಾಯ.

ಹಣ್ಣು ಸೊಟ್ಟಗೆ ಬರುತ್ತಿದ್ದರೆ ಪರಾಗಸ್ಪರ್ಶ ಸರಿಯಾಗಿಲ್ಲದಿರಬಹುದು. ಹೂವಿನ ಎಲ್ಲ ಭಾಗಕ್ಕೂ ಪರಾಗ ತಲುಪಿದರೆ ಮಾತ್ರ ಹಣ್ಣು ದುಂಡಗೆ ತುಂಬಿಕೊಳ್ಳುತ್ತೆ. ಆದ್ದರಿಂದ ಹೂ ಇರುವಾಗ ಔಷಧಿ ಹೊಡೆದು ಜೇನು ಓಡಿಸಬೇಡಿ. ಜೇನು ಬಾರದ ಬಾಲ್ಕನಿಯಲ್ಲಾದರೆ ಮೆತ್ತನೆ ಬ್ರಷ್‌ನಿಂದ ಹೂವಿನ ಮಧ್ಯಭಾಗವನ್ನು ಸವರಿ.

ಕೀಳೋದು ಹೇಗೆ?

ಸ್ಟ್ರಾಬೆರಿ ಬಾಳೆ, ಮಾವಿನಂತಲ್ಲ. ಕಿತ್ತ ಮೇಲೆ ಕೆಂಪಾದರೂ ಸಿಹಿಯಾಗೋದಿಲ್ಲ. ಪೂರ್ತಿ ಕೆಂಪಾದ ಮೇಲೆ, ಬೆಳಗಿನ ತಂಪಲ್ಲಿ ತೊಟ್ಟು ಸಮೇತ ಕೀಳಿ. ತಿನ್ನುವ ಮುಂಚೆ ಮಾತ್ರ ತೊಳೆಯಿರಿ. ಡಬ್ಬಿಯಲ್ಲಿ ಒಂದು ಕೊಳೆತರೆ ಪಕ್ಕದ್ದೂ ಹೋಗುತ್ತೆ ಅನ್ನೋದು ಹಣ್ಣಿನ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ. ಎರಡು ಗಿಡದಿಂದ ಬುಟ್ಟಿ ತುಂಬೋದಿಲ್ಲ, ಮನೆ ಮಂದಿಗೆಲ್ಲ ರುಚಿ ಸಿಗಬೇಕೆಂದರೆ ಹತ್ತು ಹನ್ನೆರಡು ಗಿಡ ಬೇಕು.

ಮುಂದಿನ ವರ್ಷಕ್ಕೆ ಸಸಿ ಪುಕ್ಕಟೆ

ಹಣ್ಣು ಮುಗಿಯಿತೆಂದು ಗಿಡ ಎಸೆಯಬೇಡಿ. ಬೇಸಿಗೆಯಲ್ಲಿ ನೆರಳಿಗೆ ಸರಿಸಿ ನೀರು ಕೊಡುತ್ತಿರಿ. ಹೊರಬರುವ ಕುಡಿಯ ತುದಿಯ ಪುಟ್ಟ ಗಿಡವನ್ನು, ತಾಯಿಯಿಂದ ಕತ್ತರಿಸದೆ ಪಕ್ಕದ ಸಣ್ಣ ಕುಂಡದ ಮಣ್ಣಿಗೆ ಒತ್ತಿಡಿ. ಮೂರ್ನಾಲ್ಕು ವಾರದಲ್ಲಿ ಬೇರು ಹಿಡಿದ ಮೇಲೆ ಕುಡಿ ಕತ್ತರಿಸಬಹುದು. ಮಳೆಗಾಲ ಪೂರ್ತಿ ಆ ಕುಂಡಗಳು ಸೂರಿನಡಿ, ನೀರು ಸುರಿಯದ ಆದರೆ ಬೆಳಕು ಬೀಳುವ ಜಾಗದಲ್ಲಿರಲಿ. ಅಷ್ಟು ಜೋಪಾನ ಮಾಡಿದರೆ ಬರುವ ಅಕ್ಟೋಬರ್‌ಗೆ ನರ್ಸರಿಗೆ ಹೋಗುವ ಖರ್ಚೇ ಇಲ್ಲ.